ಟೀಚರ್ ಕೊಟ್ಟ ಕರೆ

ಜನವರಿ ೬, ಸೋಮವಾರ

ಈ ಪುಸ್ತಕ ನಾನೇ ಹೊಲಿದದ್ದು. ಬೈಂಡಿಂಗಿಗೆ ಬಂದ ಕೆಲಸಗಳಲ್ಲಿ ಉಳಿದ ಖಾಲಿ ಹಾಳೆಗಳನ್ನು ಒಟ್ಟುಮಾಡಿ, ಒಳ್ಳೆಯ ರಟ್ಟು ಹಾಕಿದ್ದೇನೆ. ಮೂವತ್ತೈದು ವರ್ಷ ಊರವರ ಪುಸ್ತಕಗಳಿಗೆಲ್ಲ ಬೆನ್ನು ಕಟ್ಟಿದವನು, ನನ್ನದು ಅಂತ ಒಂದು ಪುಟ ಬರೆದವನಲ್ಲ. ಈಗ ಬರೆಯಬೇಕು ಅನ್ನಿಸುತ್ತಿದೆ. ಮಾತಾಡಲು ಮನೆಯಲ್ಲಿ ಹೆಂಡತಿ ಇಲ್ಲವೆಂದಲ್ಲ, ಇದ್ದಾಳೆ. ಬೆಳಿಗ್ಗೆ ಹೇಳಿದ್ದು ಮಧ್ಯಾಹ್ನದ ಹೊತ್ತಿಗೆ ಅವಳ ಹತ್ತಿರ ಉಳಿಯುವುದಿಲ್ಲ, ಅಷ್ಟೆ.

ಇವತ್ತು ಡಾಕ್ಟರು ಎದುರಿಗೇ ಹೇಳಿದರು: "ಇನ್ನು ಗಾಡಿ ಓಡಿಸೋದು ಸಾಕು ಟೀಚರ್."

ಇವಳು ಮಡಿಲಲ್ಲಿ ಚೀಲ ಇಟ್ಟುಕೊಂಡು ನೆಟ್ಟಗೆ ಕೂತಿದ್ದಳು. "ಡಾಕ್ಟ್ರೇ, ನಿಮಗೆ ಡ್ರೈವಿಂಗ್ ಕಲಿಸಿದ್ದೇ ನಾನು. ರಿವರ್ಸ್ ತೊಗೋತಾ ಸ್ಕೂಲಿನ ಗೇಟಿಗೆ ಗುದ್ದಿದ್ರಿ. ನೆನಪಿದ್ಯಾ?"

ಡಾಕ್ಟರು ನಕ್ಕುಬಿಟ್ಟರು. ನಾನೂ ನಕ್ಕೆ. ಇಷ್ಟು ಚೆನ್ನಾಗಿ ನೆನಪಿರುವವಳಿಗೆ ಏನಾಗಿದೆ ಮಹಾ, ಅನ್ನಿಸಿತು. ಇವಳನ್ನು ಬೆಂಚಿನ ಮೇಲೆ ಕೂರಿಸಿ ಬಾಗಿಲ ಹೊರಗೆ ಬಂದಾಗ ಅವರು ನಗಲಿಲ್ಲ. ಇದು ಹೋಗುವ ಕಾಯಿಲೆಯಲ್ಲ, ಮುಂದುವರಿಯುವುದೊಂದೇ ಅದಕ್ಕೆ ಗೊತ್ತು ಎಂದರು. ಹೊರಡುವಾಗ ಇವಳು ಆಸ್ಪತ್ರೆಯ ಲಿಫ್ಟಿನ ಎದುರು ನಿಂತು ಅದರ ಬಾಗಿಲಿಗೆ ಹಿಡಿ ಹುಡುಕುತ್ತಿದ್ದಳು.

ಮನೆಗೆ ಬಂದು ಗಾಡಿಯ ಕೀಯನ್ನು ಖಾಲಿ ಅಂಟಿನ ಡಬ್ಬಿಯಲ್ಲಿ ಬಚ್ಚಿಟ್ಟೆ.

ಜನವರಿ ೯, ಗುರುವಾರ

ಬೆಳಗಿನಿಂದ ಕೀ ಹುಡುಕಾಟ. ಬೀರು, ದಿಂಬಿನ ಕೆಳಗೆ, ಅಕ್ಕಿ ಡಬ್ಬ, ಎಲ್ಲ ಆಯಿತು. ಕೊನೆಗೆ ನನ್ನ ಕೆಲಸದ ಕೋಣೆಗೆ ಬಂದು, ಹೊಲಿಯಲು ಜೋಡಿಸಿಟ್ಟಿದ್ದ ಹಾಳೆಗಳನ್ನೆಲ್ಲ ಕಲಸಿಹಾಕಿದಳು. ಒಂದು ಶಾಲೆಯ ಹಾಜರಿ ಪುಸ್ತಕ. ಪುಟಗಳನ್ನು ಮತ್ತೆ ಕ್ರಮಕ್ಕೆ ತರುವಷ್ಟರಲ್ಲಿ ಸಾಯಂಕಾಲವಾಯಿತು.

"ಕಳ್ಳ ನೀವೇ," ಎಂದಳು.

"ಹೌದು ಕಣೇ, ನಾನೇ," ಎಂದೆ. ತಮಾಷೆ ಎಂದುಕೊಂಡು ನಕ್ಕು ಸುಮ್ಮನಾದಳು. ನಿಜ ಹೇಳಿದರೂ ಬಚಾವಾಗಬಹುದು ಅಂತ ಇವತ್ತು ಗೊತ್ತಾಯಿತು.

ಆಮೇಲೆ ಒಂದೇ ಪ್ರಶ್ನೆ, ಹತ್ತು ಸಲ: "ಈ ಸಲದ ಹೊಸಬರ ಟ್ರಿಪ್ ಯಾವಾಗ್ರೀ?"

ಡ್ರೈವಿಂಗ್ ಸ್ಕೂಲಿನಲ್ಲಿ ಕಲಿಸುತ್ತಿದ್ದಳಲ್ಲ, ಅದು ಸಾಲದು ಅಂತ ಮರಳಿನ ಹುಚ್ಚು ಬೇರೆ. ಜೀಪು ಇಟ್ಟುಕೊಂಡವರದೊಂದು ಕ್ಲಬ್ಬಿದೆ. ವರ್ಷಕ್ಕೊಮ್ಮೆ, ಮರಳನ್ನೇ ಕಾಣದವರನ್ನು ಕರೆದುಕೊಂಡು ಹೋಗಿ, ದಿಬ್ಬ ಹತ್ತಿ ಇಳಿಯುವುದನ್ನು ಕಲಿಸುತ್ತಾರೆ. ಅದನ್ನು ಶುರುಮಾಡಿದ್ದೇ ಇವಳು. ಇಪ್ಪತ್ತು ವರ್ಷ ನಡೆಸಿದ್ದೂ ಇವಳು. ನಾನು ಒಂದು ಸಲವೂ ಹೋದವನಲ್ಲ. ಇವಳ ಕೈಯಲ್ಲೇ ಕಲಿತು ಲೈಸೆನ್ಸ್ ಪರೀಕ್ಷೆಯಲ್ಲಿ ಮೂರು ಸಲ ಡುಮ್ಕಿ ಹೊಡೆದು, ನಾಲ್ಕನೆಯ ಸಲ ಹೇಗೋ ಪಾಸಾದ ಗಂಡ. ಮರಳಿಗೆ ನನ್ನನ್ನು ಕರೆದು ಮರ್ಯಾದೆ ಕಳೆದುಕೊಳ್ಳಲು ಅವಳಿಗೇನು ಗ್ರಹಚಾರ?

ಜನವರಿ ೧೩, ಸೋಮವಾರ

ಕ್ಲಬ್ಬಿನ ಅಧ್ಯಕ್ಷ ಬಂದಿದ್ದ. ಫೈರ್ ಎಂಜಿನ್ ಓಡಿಸಿ ರಿಟೈರ್ ಆದವನು, ಎಲ್ಲರೂ ಗಂಟೆಯಣ್ಣ ಅನ್ನುತ್ತಾರೆ. ಇವಳನ್ನು ಅಕ್ಕ ಎಂದು ಕರೆಯುವುದರಿಂದ ನಾನು ಅವನಿಗೆ ಭಾವ. ಆ ಸಲಿಗೆಯಲ್ಲಿ ನನ್ನ ತಲೆ ತಿನ್ನುವುದು ಅವನ ಹಳೆಯ ಚಾಳಿ.

"ಇಪ್ಪತ್ತೈದಕ್ಕೆ ಹೊಸಬರ ಟ್ರಿಪ್. ಟೀಚರಕ್ಕ ಇಲ್ದೆ ಆಗೋದಿಲ್ಲ. ಭಾವ ಬಿಡ್ತಾರೋ, ಇಲ್ಲಾ ಇವರನ್ನೂ ಒಂದು ಪುಸ್ತಕದೊಳಗೆ ಇಟ್ಟು ಹೊಲಿದುಬಿಡ್ತಾರೋ?"

ಇವಳ ಮುಖ ನೋಡಬೇಕಿತ್ತು. ಬೆನ್ನು ನೆಟ್ಟಗಾಯಿತು. ಎಷ್ಟು ಗಾಡಿ, ಎಷ್ಟು ಜನ ಹೊಸಬರು, ಟೈರಿನ ಗಾಳಿ ಅರ್ಧಕ್ಕೆ ಇಳಿಸಲು ಹೇಳಿದ್ದೀರಾ, ಗಾಡಿಗೊಂದು ಎತ್ತರದ ಬಾವುಟ ಇದೆಯಾ, ಒಂದೂ ಬಿಡದೆ ಕೇಳಿದಳು. ಒಂದು ಗಂಟೆ ಹೊತ್ತು ಆ ಸೋಫಾದಲ್ಲಿ ಕೂತಿದ್ದವಳು ನನ್ನ ಹಳೆಯ ಹೆಂಡತಿ. ಮನೆಯೊಳಗೆ ಬಚ್ಚಲ ಬಾಗಿಲು ಯಾವುದೆಂದು ಕೈಹಿಡಿದು ತೋರಿಸುತ್ತಿದ್ದೇನೆ. ಆ ಕ್ಲಬ್ಬಿನವರ ಮುಂದೆ ಮಾತ್ರ ಅವಳು ಇನ್ನೂ ಟೀಚರ್.

ಹೇಳಿಬಿಡಬೇಕಿತ್ತು. ಗೇಟಿನವರೆಗೆ ಬಿಡಲು ಹೋದಾಗ ಬಾಯಿ ತೆರೆದೆ ಕೂಡ. "ಅವಳಿಗೆ ಸ್ವಲ್ಪ ಮಂಡಿನೋವು," ಎಂದೆ. "ಅದಕ್ಕೆ ಈ ಸಲ ಗಾಡಿ ನಾನು ಓಡಿಸ್ತೀನಿ."

ಗಂಟೆಯಣ್ಣ ನನ್ನನ್ನು ಮೇಲಿಂದ ಕೆಳಗೆ ನೋಡಿ, "ಹಾಗಾದ್ರೆ ಫೈರ್ ಎಂಜಿನ್ನೂ ತರ್ತೀನಿ," ಎಂದ.

ಜನವರಿ ೧೬, ಗುರುವಾರ

ಹಳೆಯ ಗೋದಾಮಿನ ಹಿಂದಿನ ಬಯಲಿನಲ್ಲಿ ಅಭ್ಯಾಸ. ಗಾಡಿಯನ್ನು ಶೆಡ್ಡಿನಿಂದ ಹೊರಗೆ ತರುವಷ್ಟರಲ್ಲೇ ಅಂಗಿ ಒದ್ದೆ. ಎರಡು ಸಲ ಎಂಜಿನ್ ಆಫ್ ಮಾಡಿಕೊಂಡೆ.

ಪಕ್ಕದಲ್ಲಿ ಕೂತು ಅಚ್ಚುಕಟ್ಟಾಗಿ ಹೇಳಿಕೊಟ್ಟಳು. "ಸ್ಟೇರಿಂಗ್ ಅಷ್ಟು ಬಿಗಿಯಾಗಿ ಹಿಡೀಬೇಡಿ. ದಿಬ್ಬದ ನೆತ್ತೀಲಿ ಹೆದರಿ ಬ್ರೇಕ್ ಒತ್ತಬೇಡಿ. ಒತ್ತಿದ್ರೆ ಅಲ್ಲೇ ಹೂತ್ಕೊಳ್ತೀರ. ಆಚೆ ಇಳಿದು ಬಯಲಿಗೆ ಬಂದ್ಮೇಲೇ ನಿಲ್ಸೋದು. ತಿಳೀತಾ ಸರ್?"

ಸರ್.

ಮೊದಲು ತಮಾಷೆ ಎಂದುಕೊಂಡೆ. ಎರಡು ಸುತ್ತು ಹೊಡೆದ ಮೇಲೆ, "ಪರವಾಗಿಲ್ಲ ಸರ್, ಬೇಗ ಕಲೀತೀರ. ನಮ್ಮ ಯಜಮಾನ್ರಿಗೆ ಕಲಿಸೋವಾಗ ನಾನು ಪಟ್ಟ ಪಾಡು ದೇವರಿಗೇ ಪ್ರೀತಿ," ಎಂದು ನಕ್ಕಳು.

ಮೂರನೆಯ ಸುತ್ತಿಗೆ ಗಾಡಿ ತಿರುಗಿಸುತ್ತಾ ಕೇಳಿದೆ, "ಹೇಗಿದ್ದಾರೆ ನಿಮ್ಮ ಯಜಮಾನ್ರು?"

"ಒಳ್ಳೇವ್ರು. ಹೆದರುಪುಕ್ಕಲು."

ಜನವರಿ ೨೨, ಬುಧವಾರ

ನಾಲ್ಕು ದಿನದಿಂದ ದಿನಾ ಬಯಲಿಗೆ. ಕೆಲಸ ಹಿಂದೆ ಬಿದ್ದಿದೆ. ಶಾಲೆಯವರು ಫೋನ್ ಮಾಡಿ ಬಯ್ದರು. ಇವಳು ಗಾಡಿಯಲ್ಲಿ ಕೂತರೆ ಊಟಕ್ಕೆ ಹಟ ಮಾಡುವುದಿಲ್ಲ, ಅಲ್ಲೇ ಕೂತು ತಿನ್ನುತ್ತಾಳೆ. ಹೋಗಿ ಬರೋಣ. ಒಂದು ಸಲ ಅವಳ ಮರಳನ್ನು ಅವಳಿಗೆ ತೋರಿಸಿಬಿಡೋಣ. ಯಾರಿಗೂ ಗೊತ್ತಾಗುವುದು ಬೇಡ.

ಜನವರಿ ೨೬, ಭಾನುವಾರ

ನಿನ್ನೆ ಆದದ್ದನ್ನು ಆದ ಹಾಗೆ ಬರೆಯುತ್ತೇನೆ. ಇಲ್ಲಿಯಾದರೂ.

ಬೆಳಿಗ್ಗೆ ಏಳು ಗಾಡಿ ಸೇರಿದ್ದವು. ಎಲ್ಲರೂ ಕುಕ್ಕರಗಾಲಿನಲ್ಲಿ ಕೂತು ಟೈರಿನ ಗಾಳಿ ಇಳಿಸುತ್ತಿದ್ದರು. ಇವಳು ಒಬ್ಬೊಬ್ಬರ ಹತ್ತಿರವೂ ಹೋಗಿ ಟೈರನ್ನು ಬೆರಳಿನಿಂದ ಒತ್ತಿ ನೋಡಿದಳು. ಆಸ್ಪತ್ರೆಯಲ್ಲಿ ನರ್ಸ್ ಆಗಿರುವ ಹುಡುಗಿಯೊಬ್ಬಳು ಬಂದಿದ್ದಳು. ಇಪ್ಪತ್ತಾರು ಇಪ್ಪತ್ತೇಳು ಇರಬೇಕು. ಚಿಕ್ಕ ಹಳದಿ ಜೀಪು, ತಾನೇ ದುಡಿದು ಕೊಂಡದ್ದಂತೆ. ಇವಳು ಹೇಳಿದ್ದನ್ನೆಲ್ಲ ಅಂಗೈ ಮೇಲೆ ಪೆನ್ನಿನಲ್ಲಿ ಬರೆದುಕೊಂಡಳು.

ಕ್ಲಬ್ಬಿನ ನಿಯಮ ಎರಡು. ದಿಬ್ಬದ ಆಚೆ ಏನಿದೆಯೆಂದು ಈಚೆಯವರಿಗೆ ಕಾಣುವುದಿಲ್ಲ. ಆದ್ದರಿಂದ ಮುಂದಿನ ಗಾಡಿ ದಾಟಿ, ಅಲ್ಲಿಂದ ವಾಕಿಟಾಕಿಯಲ್ಲಿ ಕರೆ ಬರುವತನಕ ಹಿಂದಿನವರು ಬುಡದಲ್ಲೇ ಕಾಯಬೇಕು. ಎರಡನೆಯದು, ಕರೆ ಬಂದರೂ ಮುಂದಿನ ಗಾಡಿಯ ಬಾವುಟದ ತುದಿ ನೆತ್ತಿಯ ಮೇಲೆ ಕಾಣುತ್ತಿದ್ದರೆ ಹತ್ತಬಾರದು. ಎರಡನ್ನೂ ಬರೆದವಳು ಇವಳೇ.

ಕರೆ ಕೊಡುವ ಕೆಲಸ ಯಾವಾಗಲೂ ಇವಳದು. ಗಂಟೆಯಣ್ಣ ವಾಕಿಟಾಕಿಯನ್ನು ಎರಡೂ ಕೈಯಲ್ಲಿ ಹಿಡಿದು ತಂದುಕೊಟ್ಟ. ಆಗ ಹೇಳಬಹುದಿತ್ತು, ಈ ಸಲ ಬೇಡ, ಇನ್ಯಾರಾದರೂ ಮಾಡಲಿ ಎಂದು. ಇವಳು ಅದನ್ನು ತೆಗೆದುಕೊಂಡ ಕೈ ಕಂಡೆ. ಒಂದಿಷ್ಟೂ ನಡುಗುತ್ತಿರಲಿಲ್ಲ. ಹೋಗಿ ಗಾಡಿಯಲ್ಲಿ ಕೂತೆ.

ಮೊದಲ ಎರಡು ದಿಬ್ಬ ಹೂವೆತ್ತಿದ ಹಾಗೆ ಆಯಿತು. ಗಂಟೆಯಣ್ಣ ಮುಂದೆ, ಅವನ ಹಿಂದೆ ನಾವು. ಬಯಲಿಗೆ ಇಳಿದು ಗಾಡಿ ಪಕ್ಕಕ್ಕೆ ನಿಲ್ಲಿಸಿ, ಇವಳು ಹಿಂತಿರುಗಿ ನೋಡಿ ಕರೆದಳು. ಹಳದಿ ಗಾಡಿ ಬನ್ನಿ. ಬಿಳಿ ಗಾಡಿ ಬನ್ನಿ. ಎಲ್ಲರೂ ಬಂದರು. ನಾನೂ ಓಡಿಸಬಲ್ಲೆ ಎಂದು ಒಂದು ಕ್ಷಣ ಮೀಸೆ ತಿರುವಿದೆ, ಮೀಸೆ ಇಲ್ಲದಿದ್ದರೂ.

ಮೂರನೆಯದು ಎತ್ತರದ್ದು. ನೆತ್ತಿ ದಾಟುತ್ತಿದ್ದಂತೆ ಎದುರಿಗೆ ನೆಲವೇ ಇಲ್ಲದ ಹಾಗೆ ಕಂಡಿತು. ಬ್ರೇಕ್ ಒತ್ತಿದೆ. ಒತ್ತಬೇಡಿ ಎಂದು ನೂರು ಸಲ ಹೇಳಿಸಿಕೊಂಡಿದ್ದವನು ಒತ್ತಿದೆ. ಗಾಡಿ ನೆತ್ತಿಯ ಆಚೆ, ಇಳಿಜಾರಿನ ಮೇಲೇ ಹೂತು ನಿಂತಿತು.

ಇವಳು ನನ್ನ ಭುಜ ತಟ್ಟಿ, "ಶಭಾಷ್ ಸರ್, ದಾಟಿಬಿಟ್ರಿ," ಎಂದಳು. ವಾಕಿಟಾಕಿ ಬಾಯಿಗೆ ಹಿಡಿದಳು. "ಹಳದಿ ಗಾಡಿ, ಬನ್ನಿ."

"ಬೇಡ ಕಣೇ!" ಎಂದು ಕೂಗಿ ಕೈಯಿಂದ ಕಿತ್ತುಕೊಳ್ಳಲು ಹೋದೆ. ಅವಳು ಬಿಗಿಯಾಗಿ ಎದೆಗೆ ಒತ್ತಿಕೊಂಡಳು, ಯಾರೋ ಕಳ್ಳ ಕೈಹಾಕಿದ ಹಾಗೆ. ನನ್ನ ಬೆರಳಿಗೆ ಗುಂಡಿ ಸಿಗುವ ಮೊದಲೇ ಹಿಂದಿನಿಂದ ಎಂಜಿನ್ ಸದ್ದು ಏರುತ್ತಾ ಬಂತು.

ಹಳದಿ ಜೀಪು ನೆತ್ತಿಗೆ ಬಂದದ್ದು, ನಮ್ಮನ್ನು ಕಂಡು ಬಲಕ್ಕೆ ಎಳೆದದ್ದು, ಅಡ್ಡಡ್ಡ ಜಾರಿ ಮಗುಚಿದ್ದು, ಎಲ್ಲ ನನ್ನ ಕನ್ನಡಿಯಲ್ಲಿ ಆಯಿತು. ಎರಡು ಪಲ್ಟಿ. ಓಡಿಹೋಗಿ ಹುಡುಗಿಯನ್ನು ಕಿಟಕಿಯಿಂದ ಎಳೆದುಕೊಂಡೆವು. ಪ್ರಾಣಕ್ಕೆ ಏನೂ ಆಗಿಲ್ಲ. ಬಲಗೈ ಮಣಿಕಟ್ಟು ಮುರಿದಿದೆ, ಎರಡು ಕಡೆ. "ಸಾರಿ, ಸಾರಿ," ಎನ್ನುತ್ತಿದ್ದಳು, ಮರಳು ಉಗುಳುತ್ತಾ.

ಗಂಟೆಯಣ್ಣ ಓಡಿಬಂದು ಕೇಳಿದ, "ಭಾವ, ನೀವು ಕೆಳಗಿಳಿಯೋಕೆ ಶುರು ಮಾಡಿದ್ಮೇಲೇ ತಾನೆ ಅಕ್ಕ ಕರೆದಿದ್ದು? ಆಮೇಲೆ ನೀವು ಹೂತ್ಕೊಂಡಿದ್ದು?"

ಇವಳು ಗಾಡಿಯಿಂದ ಇಳಿದು, ಮರಳಿನ ಮೇಲೆ ನಿಂತು, ಮಗುಚಿದ ಜೀಪನ್ನು ನೋಡುತ್ತಿದ್ದಳು. "ಪಾಪ, ಯಾರು ಬಿದ್ದೋರು?" ಎಂದು ಪಕ್ಕದವರನ್ನು ಕೇಳುತ್ತಿದ್ದಳು. ಯಾವ ಗಳಿಗೆಯಲ್ಲಾದರೂ ಎಲ್ಲರಿಗೂ ಗೊತ್ತಾಗಿಬಿಡುತ್ತಿತ್ತು.

"ಹೂಂ," ಎಂದೆ.

ಜನವರಿ ೨೭, ಸೋಮವಾರ

ಇವಳಿಗೆ ಏನೂ ನೆನಪಿಲ್ಲ. ಚಪ್ಪಲಿಯಲ್ಲಿ ಮರಳು ಹೇಗೆ ಬಂತು ಎಂದು ಕೇಳಿದಳು.

ಜನವರಿ ೩೦, ಗುರುವಾರ

ನರ್ಸಮ್ಮನನ್ನು ನೋಡಲು ಹೋಗಿದ್ದೆ. ಇವಳನ್ನು ಪಕ್ಕದ ಮನೆಯವರ ಹತ್ತಿರ ಬಿಟ್ಟು, ಗಾಡಿಯಲ್ಲೇ ಹೋದೆ. ಅವರ ಬೀದಿ ಕಿರಿದು, ವಾಪಸು ಬರುವಾಗ ಉದ್ದಕ್ಕೂ ರಿವರ್ಸಿನಲ್ಲೇ ಬರಬೇಕಾಯಿತು.

ಒಂದೇ ಕೋಣೆಯ ಮನೆ. ಕಿಟಕಿಯ ಮೇಲೆ ಒಗೆದ ಯೂನಿಫಾರ್ಮು ನೇತುಹಾಕಿತ್ತು. ಕೈಗೆ ಬೆರಳಿನಿಂದ ಮೊಣಕೈವರೆಗೆ ಪ್ಲಾಸ್ಟರ್. ಎಡಗೈಯಲ್ಲೇ ನನಗೆ ನೀರು ಕೊಟ್ಟಳು.

"ತಪ್ಪು ನಂದೇ ಅಂಕಲ್. ನಿಮ್ಮ ಬಾವುಟದ ತುದಿ ಕಾಣ್ತಾ ಇತ್ತು. ನೋಡಿದ್ದೆ ನಾನು."

"ನೋಡಿದ್ರೂ ಯಾಕಮ್ಮ ಹತ್ತಿದೆ?"

"ಟೀಚರ್ ಬನ್ನಿ ಅಂದ್ರಲ್ಲ." ಇಷ್ಟು ಸಾಕಲ್ಲವೇ ಎನ್ನುವ ಹಾಗೆ ಹೇಳಿದಳು. "ನನ್ನ ಕಣ್ಣಿಗಿಂತ ಅವರ ಮಾತೇ ಸರಿ ಇರತ್ತೆ ಅಂದ್ಕೊಂಡೆ. ಬೆಳಿಗ್ಗೆ ಎಷ್ಟು ಚೆನ್ನಾಗಿ ಹೇಳಿಕೊಟ್ಟಿದ್ರು. ನನ್ನಿಂದ ಅವರಿಗೆ ಕೆಟ್ಟ ಹೆಸರು ಬಂದ್ರೆ ಅಂತ ನಿದ್ದೆ ಬರ್ತಿಲ್ಲ ಅಂಕಲ್. ಇನ್ನು ಸ್ಟೇರಿಂಗ್ ಮುಟ್ಟಲ್ಲ. ಆಸ್ಪತ್ರೇಲೂ ಅಷ್ಟೇ. ಸಿರಿಂಜ್ ಕೈಗೆ ತೊಗೊಳ್ಳೋಕೂ ಭಯ ಆಗತ್ತೇನೋ. ಕಣ್ಣಿಗೆ ಕಂಡಿದ್ದನ್ನೇ ಲೆಕ್ಕಕ್ಕೆ ಇಡದೇ ಇರೋಳು ಎಂಥ ನರ್ಸು?"

ನೀರು ಕುಡಿದೆ. ಹಣ್ಣಿನ ಚೀಲ ಮೇಜಿನ ಮೇಲಿಟ್ಟೆ. ಬೇಗ ಗುಣವಾಗುತ್ತದೆ ಎಂದೆ. ಇಳಿದು ಬಂದು ಗಾಡಿಯಲ್ಲಿ ಕೂತು ಎಷ್ಟು ಹೊತ್ತು ಕೀ ತಿರುಗಿಸಲಿಲ್ಲವೋ ಗೊತ್ತಿಲ್ಲ. ನಾನು ಕೇಳಬೇಕಾದ ಕ್ಷಮೆಯನ್ನು ಅವಳ ಬಾಯಿಂದ ಕೇಳಿಸಿಕೊಂಡು ಬಂದವನು. ಇಷ್ಟು ನಾಚಿಕೆಗೇಡಿನ ಕೆಲಸ ಹಿಂದೆಂದೂ ಮಾಡಿಲ್ಲ.

ಫೆಬ್ರವರಿ ೩, ಸೋಮವಾರ

ಗಂಟೆಯಣ್ಣನ ಫೋನು. ಶನಿವಾರ ಬರುತ್ತಾನಂತೆ, ವರದಿಗೆ ಇವಳ ಸಹಿ ಬೇಕಂತೆ. ಬಾವುಟ ಕಂಡೂ ಹತ್ತಿದ್ದರಿಂದ ತಪ್ಪು ನರ್ಸಮ್ಮನದೆಂದು ಬರೆದು, ಇನ್ನು ಮೂರು ವರ್ಷ ಅವಳನ್ನು ಕ್ಲಬ್ಬಿಗೆ ಸೇರಿಸುವುದಿಲ್ಲವಂತೆ. "ಟೀಚರಕ್ಕ ಇಪ್ಪತ್ತು ವರ್ಷದಲ್ಲಿ ಒಂದು ತಪ್ಪು ಕರೆ ಕೊಟ್ಟಿಲ್ಲ ಭಾವ. ಅವರ ಹೆಸರಿಗೆ ಮಸಿ ಹತ್ತೋಕೆ ನಾನು ಬಿಡಲ್ಲ."

ಫೋನ್ ಇಟ್ಟೆ. ಇವಳು ಅಂಟಿನ ಡಬ್ಬಿಗೆ ನೀರು ಹುಯ್ಯುತ್ತಾ ಕೂತಿದ್ದಳು. ರೇಗಿಹೋಯಿತು. "ಏನು ಮಾಡಿದೀಯ ಗೊತ್ತಾ? ಒಂದು ಹುಡುಗೀ ಕೈ ಮುರಿದಿದೆ! ಗೊತ್ತಾ ನಿಂಗೆ?" ಎಂದು ಮನೆ ಹಾರುವ ಹಾಗೆ ಕಿರುಚಿದೆ. ಮೂವತ್ತೊಂದು ವರ್ಷದಲ್ಲಿ ಅವಳ ಮೇಲೆ ದನಿ ಎತ್ತಿದವನಲ್ಲ.

ಗೋಡೆಗೆ ಒತ್ತಿಕೊಂಡು ನಿಂತಳು. "ನಮ್ಮ ಯಜಮಾನ್ರು ಈಗ ಬಂದುಬಿಡ್ತಾರೆ," ಎಂದಳು. "ನೀವು ಏನಿದ್ರೂ ಅವರ ಹತ್ರ ಮಾತಾಡಿ. ನನ್ನನ್ನ ಏನೂ ಮಾಡಬೇಡಿ."

ಹೊರಗೆ ಹೋಗಿ ಮೆಟ್ಟಿಲ ಮೇಲೆ ಕೂತು ಅತ್ತೆ. ಎದುರು ಮನೆಯವರು ನೋಡಿದರು. ನೋಡಿದರೆ ನೋಡಲಿ.

ಫೆಬ್ರವರಿ ೪, ಮಂಗಳವಾರ

ತಲೆ ಬಾಚಿಸಿಕೊಂಡಳು. ನಿನ್ನೆಯದು ಅವಳಿಗೆ ಇಲ್ಲ. ನನಗಿದೆ.

ಫೆಬ್ರವರಿ ೮, ಶನಿವಾರ

ಗಂಟೆಯಣ್ಣ ಹತ್ತು ಗಂಟೆಗೆ ಬಂದ. ನರ್ಸಮ್ಮನೂ ಜೊತೆಗಿದ್ದಳು. ಟೀಚರ್ ಎದುರಿಗೇ ಕ್ಷಮೆ ಕೇಳಬೇಕು ಎಂದು ತಾನಾಗಿ ಬಂದಳಂತೆ. ಕುತ್ತಿಗೆಯಿಂದ ತೂಗುಹಾಕಿದ ಕೈ. ಇವಳು ಅದನ್ನು ನೋಡಿ ಕಣ್ಣಲ್ಲಿ ನೀರು ತಂದುಕೊಂಡು, "ಅಯ್ಯೋ ಮಗಳೇ, ಎಲ್ಲಿ ಬಿದ್ದೆ?" ಎಂದು ಪಕ್ಕದಲ್ಲಿ ಕೂರಿಸಿಕೊಂಡಳು. ಹುಡುಗಿ ಒಮ್ಮೆ ಇವಳನ್ನು, ಒಮ್ಮೆ ನನ್ನನ್ನು ನೋಡಿದಳು. ನರ್ಸಲ್ಲವೇ, ಅವಳಿಗೆ ಆಗಲೇ ಹೊಳೆದಿರಬೇಕು. ತಾನು ಮಾಡದ ತಪ್ಪಿಗೆ ಸಹಿ ಬೀಳುವುದನ್ನು ಕಾಯುತ್ತಾ ತಲೆ ತಗ್ಗಿಸಿ ಕೂತಳು. ನನಗೆ ತಡೆಯಲಾಗಲಿಲ್ಲ.

ಗಂಟೆಯಣ್ಣ ಕಾಗದವನ್ನು ಇವಳ ಮುಂದೆ ಇಡುವಾಗ ಅದರ ಮೇಲೆ ಕೈ ಇಟ್ಟೆ.

"ಇದರಲ್ಲಿ ಬರೆದಿರೋದು ಸುಳ್ಳು," ಎಂದೆ. "ಅವತ್ತು ನಾನು ನಿಮಗೆ ಹೇಳಿದ್ದೂ ಸುಳ್ಳು. ನಾನು ಬ್ರೇಕ್ ಒತ್ತಿ ನೆತ್ತಿ ಹತ್ರಾನೇ ನಿಂತಿದ್ದೆ. ನಿಂತ್ಮೇಲೆ ಕರೆ ಹೋಗಿದ್ದು. ಮಂಡಿನೋವು ಅಂದಿದ್ದೂ ಸುಳ್ಳು."

ಗಂಟೆಯಣ್ಣನಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಆಮೇಲೆ ಅವನ ಮುಖ ಇಳಿದುಹೋಯಿತು. ಬೆಂಕಿಯೊಳಗೆ ನುಗ್ಗುತ್ತಿದ್ದ ಆಸಾಮಿ, ಕಣ್ಣೆತ್ತಿ ಇವಳನ್ನು ನೋಡಲಾರದೆ ನೆಲ ನೋಡುತ್ತಾ ಕೂತ.

ಇವಳು ಮಾತ್ರ ಗಮನವಿಟ್ಟು ಕೇಳುತ್ತಿದ್ದಳು, ಕ್ಲಾಸಿನಲ್ಲಿ ಕೇಳುತ್ತಿದ್ದ ಹಾಗೆ. "ಒಂದು ನಿಮಿಷ ಸರ್. ಗಾಡಿ ಹೂತಿದೆ. ಆದ್ರೂ ಕರೆ ಕೊಟ್ರು ಅಂತೀರ. ಯಾರು ಕೊಟ್ಟಿದ್ದು?"

"ಒಬ್ಬ ಹಳೇ ಟೀಚರ್. ಬಹಳ ಒಳ್ಳೇ ಟೀಚರ್."

"ಒಳ್ಳೇವ್ರು ಹಾಗೆ ಕರೀತಾರಾ?"

"ಅವರಿಗೆ ಕಾಯಿಲೆ. ಮರೆವಿನ ಕಾಯಿಲೆ."

"ಅಯ್ಯೋ," ಎಂದಳು. ಹುಡುಗಿಯ ಪ್ಲಾಸ್ಟರನ್ನು ಮೆಲ್ಲಗೆ ಸವರಿದಳು. "ಹೊಸದಾಗಿ ಕಲಿಯೋರು ಟೀಚರ್ ಮಾತು ನಂಬದೆ ಇನ್ಯಾರ ಮಾತು ನಂಬ್ತಾರೆ? ಈ ಮಗೂದು ಏನೂ ತಪ್ಪಿಲ್ಲ. ಆ ಟೀಚರಿಗೆ ಮನೇಲಿ ಯಾರೂ ಇಲ್ವಾ? ಇನ್ನು ಸಾಕು, ಬಾ ಕೂತ್ಕೋ ಅಂತ ಹೇಳೋರು?"

"ಗಂಡ ಇದ್ದಾನೆ."

"ಮತ್ತೆ ಅವನ್ಯಾಕೆ ಹೇಳ್ಲಿಲ್ಲ?"

ಗಂಟೆಯಣ್ಣ ಎದ್ದು ಕಿಟಕಿಯ ಹತ್ತಿರ ಹೋದ. ನರ್ಸಮ್ಮ ಎಡಗೈಯಿಂದ ಬಾಯಿ ಮುಚ್ಚಿಕೊಂಡಳು.

"ಎಲ್ಲರ ಮುಂದೆ ಅವಳ ಹೆಸರು ಹೋಗೋದನ್ನ ನೋಡೋಕೆ ಅವನಿಗೆ ಆಗ್ಲಿಲ್ಲ," ಎಂದೆ.

"ಹೆಸರೇನು ಸರ್, ಹೆಸರು. ಈ ಮಗು ಕತ್ತು ಮುರ್ಕೊಂಡಿದ್ರೆ?"

ನನ್ನ ಕೈ ಸರಿಸಿ ಕಾಗದವನ್ನು ತನ್ನ ಕಡೆ ಎಳೆದುಕೊಂಡಳು. ಗಂಟೆಯಣ್ಣ ಬರೆದುಕೊಂಡು ಬಂದಿದ್ದುದರ ಮೇಲೆ ಅಡ್ಡಗೆರೆ ಎಳೆದಳು. ಕೆಳಗೆ, ಸ್ಕೂಲಿನ ಕಪ್ಪುಹಲಗೆಯ ಮೇಲೆ ಬರೆಯುತ್ತಿದ್ದ ಅದೇ ದುಂಡು ಅಕ್ಷರದಲ್ಲಿ, "ಕರೆ ಕೊಟ್ಟವರದೇ ತಪ್ಪು. ಇನ್ನು ಮುಂದೆ ಅವರ ಕೈಗೆ ವಾಕಿಟಾಕಿ ಕೊಡಬಾರದು," ಎಂದು ಬರೆದಳು. ಒಂದು ಅಕ್ಷರವೂ ತಪ್ಪಲಿಲ್ಲ. ಅದರ ಕೆಳಗೆ ತನ್ನ ಪೂರ್ತಿ ಹೆಸರು ಬರೆದು ಸಹಿ ಹಾಕಿದಳು.

ಆಮೇಲೆ ಪೆನ್ನನ್ನು ನನ್ನ ಕಡೆ ಚಾಚಿದಳು. "ಕಣ್ಣಾರೆ ಕಂಡೋರು ನೀವಲ್ವಾ. ನೀವೂ ಹಾಕಿ ಸರ್."

ಹಾಕಿದೆ.